ಕೂತವರ ಭಾರ

"ಅಲ್ಲಾಡಬೇಡಿ ಸಾಹುಕಾರ್ರೇ. ಉಸಿರಾಡಿ, ಅದಕ್ಕೇನೂ ಅಡ್ಡಿಯಿಲ್ಲ" ಎಂದಳು ವೆಲ್ಡರ್ ಅಕ್ಕ, ಗ್ಯಾರೇಜಿನಲ್ಲಿ ಕಾರಿನ ಕೆಳಗಿನ ಗುಂಡಿಯಿಂದ.

ಮೇಲೆ ಸ್ಟೀರಿಂಗ್ ಹಿಡಿದು ಜವಳಿ ಸಾಹುಕಾರ ಕೂತಿದ್ದ. ಕಾರಿಗೂ ಅರವತ್ತು ದಾಟಿತ್ತು, ಅವನಿಗೂ. ಇಬ್ಬರಿಗೂ ಸೊಂಟದ್ದೇ ತೊಂದರೆ. ಕಾರಿನ ಮುಂದಿನ ಚೌಕಟ್ಟು ಬೇರೆ, ಹಿಂದಿನದು ಬೇರೆ, ನಡುವೆ ಬರೀ ತಗಡಿನ ನೆಲ. ಅದು ಬಾಗಿ, ಬಾಗಿಲು ಚಿಲಕಕ್ಕೆ ಸಿಗದಾಗಿತ್ತು. ಒಂದು ತಿರುವಿನಲ್ಲಿ ಬಾಗಿಲು ತಾನಾಗಿ ತೆರೆದುಕೊಂಡ ದಿನದಿಂದ ಸಾಹುಕಾರನ ಹೆಂಡತಿ ಈ ಕಾರು ಹತ್ತಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಹಳೇ ಕಾರುಗಳ ಮೆರವಣಿಗೆ, ಸಾಲಿನಲ್ಲಿ ಮೊದಲನೆಯದು ಇವನದು. ಅಷ್ಟರೊಳಗೆ ಎರಡು ಚೌಕಟ್ಟುಗಳನ್ನೂ ಒಂದು ಮಾಡುವ ಉಕ್ಕಿನ ಕನೆಕ್ಟರುಗಳು, ಆ ಬದಿಗೊಂದು ಈ ಬದಿಗೊಂದು, ಕೂರಬೇಕಿತ್ತು.

ಬೆಳಿಗ್ಗೆ ಅಕ್ಕ ಎರಡು ನಮೂನೆ ತೋರಿಸಿದ್ದಳು. ಒಂದು ಬೋಲ್ಟ್ ಬಿಗಿಯುವುದು, ಇನ್ನೊಂದು ಬೆಸೆಯುವುದು. "ಬೋಲ್ಟಿನದೇ ಇರಲಿ, ಬೇಡ ಅನ್ನಿಸಿದ ದಿನ ಬಿಚ್ಚಿ ಬಿಸಾಕಬಹುದು" ಎಂದಿದ್ದ ಸಾಹುಕಾರ. "ನಿಮ್ಮ ಅಂಗಡಿ ಹೆಣ್ಣುಮಕ್ಕಳ ಹಾಗೆ" ಎಂದಿದ್ದಳು ಅಕ್ಕ. ಅವನು ಗುರ್ರೆಂದು ನೋಡಿ ಬೆಸೆಯುವುದನ್ನೇ ಆರಿಸಿದ್ದ. ಬೆಸುಗೆಗೆ ಒಂದು ಕಟ್ಟುಪಾಡಿದೆ: ಕಾರನ್ನು ಎತ್ತಿ ನೇತುಹಾಕಿ ಬೆಸೆಯಬಾರದು, ಅದು ತನ್ನ ಚಕ್ರಗಳ ಮೇಲೆ ನಿಂತು ಜನರ ಭಾರ ಹೊತ್ತಿರಬೇಕು. ಇಲ್ಲದಿದ್ದರೆ ಸೊಟ್ಟಗೆ ನಿಂತ ಸೊಂಟ ಸೊಟ್ಟಗೇ ಗಟ್ಟಿಯಾಗುತ್ತದೆ. ಹಾಗಾಗಿ ಸಾಹುಕಾರ ಕೂರಬೇಕು, ಪಕ್ಕದ ಸೀಟಿನಲ್ಲೂ ಒಂದಾಳು ಭಾರ ಇರಬೇಕು.

"ಸಿಮೆಂಟ್ ಮೂಟೆ ಇಡ್ಲಾ?" ಎಂದಳು ಅಕ್ಕ.

"ಬಿಳಿ ಲೆದರ್ ಕಣಮ್ಮ ಅದು. ಅಗೋ, ಅಲ್ಲೊಬ್ಬಳು ಸುಮ್ಮನೆ ಕೂತಿದ್ದಾಳಲ್ಲ, ಅವಳನ್ನೇ ಇಡು."

ಮೂಲೆಯಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದವಳು ಅಕ್ಕನ ಒಡಹುಟ್ಟಿದ ತಂಗಿ. ಸಾಹುಕಾರನದೇ ಅಂಗಡಿಯಲ್ಲಿ, ಹತ್ತು ಗಂಟೆ ನಿಂತೇ ಮಾಡುವ ದುಡಿಮೆಯಲ್ಲಿ ಒಂದು ಗಳಿಗೆ ಬಟ್ಟೆಯ ಗಂಟಿನ ಮೇಲೆ ಕುಂಡೆ ಊರಿದ್ದಕ್ಕೆ ನಿನ್ನೆ ಅವಳ ಕೆಲಸ ಹೋಗಿತ್ತು. ಅಂಗಡಿಯ ಮೇಲ್ವಿಚಾರಕ ಫೋನಿನಲ್ಲಿ ದೂರು ಹೇಳಿದ್ದ, ಸಾಹುಕಾರ ಹೆಸರೂ ಕೇಳದೆ ಹೂಂ ಅಂದಿದ್ದ. ಕೆಲಸ ವಾಪಸು ಕೊಡಿ ಎಂದು ಹೇಗೆ ಬಾಯಿ ತೆರೆಯುವುದೆಂದು ಅಕ್ಕ ಬೆಳಗಿನಿಂದ ನಾಲಿಗೆ ಮಸೆಯುತ್ತಿದ್ದಳು.

ತಂಗಿ ಬಂದು ಕೂತಳು. ಸಾಹುಕಾರ ಎರಡು ಸಲ ಓರೆಗಣ್ಣಿನಲ್ಲಿ ನೋಡಿದ. "ನಿನ್ನನ್ನ ಎಲ್ಲೋ ನೋಡಿದ್ದೀನಲ್ಲ."

"ನಿಮ್ಮ ಅಂಗಡೀಲೇ, ಸಾಹುಕಾರ್ರೇ. ಹನ್ನೊಂದು ವರ್ಷ. ಕೂತಿದ್ದೀನಲ್ಲ, ಅದಕ್ಕೇ ಗುರುತು ಸಿಕ್ಕಿಲ್ಲ."

ಮೊದಲ ಬದಿಯ ಬೆಸುಗೆ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಸಾಹುಕಾರನ ಕಾಲು ಜೋಮು ಹಿಡಿದಿತ್ತು. ಬೆಸುಗೆಯ ಕಾವು ತಟ್ಟದಿರಲೆಂದು ಅಂಗಾಲ ಕೆಳಗೆ ಹಾಸಿದ್ದ ಒದ್ದೆ ಗೋಣಿ ಬೆಚ್ಚಗಾಗಿ ಹಬೆಯಾಡುತ್ತಿತ್ತು. ಅವನು ಮುಲುಕಿದ.

"ಬೆರಳು ಮಡಚಿ ಬಿಚ್ಚಿ" ಎಂದಳು ತಂಗಿ, ನಿಜವಾದ ಕಾಳಜಿಯಿಂದ. "ಕೌಂಟರಿನ ಹಿಂದೆ ನಾವೂ ಹಾಗೇ ಮಾಡೋದು. ಗಿರಾಕಿಗೆ ಗೊತ್ತಾಗಲ್ಲ."

ಗುಂಡಿಯಲ್ಲಿ ಕಿಡಿ ನಿಂತಿತು. ಅಕ್ಕ ಮುಖಕ್ಕೆ ಹಿಡಿದಿದ್ದ ಗುರಾಣಿ ಇಳಿಸಿದಳು. "ಸಾಹುಕಾರ್ರೇ, ಒಂದು ಮಾತು. ಇವಳ ಕೆಲಸ ವಾಪಸು ಕೊಡಿ. ಕೌಂಟರಿನ ಹಿಂದೆ ಆಳಿಗೊಂದು ಸ್ಟೂಲು ಹಾಕಿಸಿ."

"ಓಹೋ. ಅರ್ಧ ಕೆಲಸಕ್ಕೆ ನಿಲ್ಲಿಸಿ ಘೇರಾವ್ ಮಾಡ್ತೀಯಾ?"

"ಘೇರಾವ್ ಅಂದ್ರೆ ಸುತ್ತಲೂ ಜನ ಇರಬೇಕು. ನಾನಿರೋದು ಒಬ್ಬಳೇ, ಅದೂ ನಿಮ್ಮ ಪಾದದ ಕೆಳಗೆ. ನೀವು ಹೂಂ ಅಂದ್ರೂ ಉಹೂಂ ಅಂದ್ರೂ ಬೆಸೀತೀನಿ. ಕೇಳೋದು ಕೇಳಿದೆ."

"ಸ್ಟೂಲು ಕೊಟ್ಟರೆ ನಾಳೆ ದಿಂಬು ಕೇಳ್ತೀರಿ" ಎಂದು ಸಾಹುಕಾರ ಧಡಕ್ಕನೆ ಬಾಗಿಲು ತೆರೆದು ಇಳಿದೇಬಿಟ್ಟ.

"ಕೂತ್ಕೊಳ್ಳಿ ಸಾಹುಕಾರ್ರೇ. ಒಂದು ಬದಿ ನಿಮ್ಮ ಭಾರದಲ್ಲಿ ಬೆಸೆದಿದ್ದೀನಿ. ಇನ್ನೊಂದನ್ನ ಬರೀ ಇವಳ ಭಾರದಲ್ಲಿ ಬೆಸೆದರೆ ಚೌಕಟ್ಟು ಇವಳ ಅಳತೆಗೇ ಕೂರುತ್ತೆ."

"ನನಗೆ ಕೂರೋದು ಹೇಳಿಕೊಡಬೇಡ. ಬಾಯಿ ಮುಚ್ಚಿ ಬೆಸಿ."

ಅಕ್ಕ ಬಾಯಿ ಮುಚ್ಚಿ ಬೆಸೆದಳು. ಸಾಹುಕಾರ ಗೋಡೆಗೊರಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ. ತಂಗಿಗೆ ಏಳು ಎಂದು ಯಾರೂ ಹೇಳಲಿಲ್ಲ, ಅವಳು ಏಳಲಿಲ್ಲ. ಮುಗಿದಾಗ ಮೂರೂವರೆ. ಉಕ್ಕು ಆರಿತು, ತಂಗಿ ಇಳಿದಳು, ಸಾಹುಕಾರ ಹತ್ತಿ ತನ್ನ ಬದಿಯ ಬಾಗಿಲೆಳೆದ. ಟಪ್ ಎಂದು ಬಡಿದು ವಾಪಸು ಬಂತು. ಇನ್ನೊಮ್ಮೆ ಎಳೆದ. ಚಿಲಕ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು.

ಅಕ್ಕ ಕಣ್ಸನ್ನೆ ಮಾಡಿದಳು. ತಂಗಿ ಪಕ್ಕದ ಸೀಟಿನಲ್ಲಿ ಕೂತಳು. ಸಾಹುಕಾರನ ಬಾಗಿಲು ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಚ್ಚಿಕೊಂಡಿತು. ಎದ್ದಳು. ಬಾಗಿಲು ಬಾಯಿ ಬಿಟ್ಟಿತು.

"ಸರಿಮಾಡು" ಎಂದ ಸಾಹುಕಾರ.

"ಕೊಯ್ದು ಮತ್ತೆ ಕೂರಿಸೋಕೆ ಎರಡು ದಿನ. ಇಲ್ಲಾಂದ್ರೆ ಸಿಮೆಂಟ್ ಮೂಟೆ ಪಕ್ಕದಲ್ಲಿಟ್ಟುಕೊಂಡು ಮೆರವಣಿಗೆಗೆ ಹೋಗಿ. ಜನ ನೋಡಲಿ."

ಬೀದಿಯ ಕೊನೆಯಲ್ಲಿ ಹಳೇ ಕಾರುಗಳ ಹಾರ್ನು ಒಂದೊಂದಾಗಿ ಕೇಳತೊಡಗಿದವು. ಸಾಹುಕಾರ ಮೂಟೆಯ ಕಡೆ ನೋಡಿದ, ಬಿಳಿ ಸೀಟಿನ ಕಡೆ ನೋಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡು, ಹನ್ನೊಂದು ವರ್ಷದಲ್ಲಿ ಆಡದ ಮಾತನ್ನು ಆಡಿದ.

"ಕೂತ್ಕೋಮ್ಮ."

ತಂಗಿ ತನ್ನ ಬದಿಯ ತೆರೆದ ಬಾಗಿಲಿನ ಮೇಲೆ ಕೈಯಿಟ್ಟು, ಗಿರಾಕಿಗೆ ಸೀರೆ ತೋರಿಸುವಾಗಿನ ನಗು ನಕ್ಕಳು.

"ಪರವಾಗಿಲ್ಲ ಸಾಹುಕಾರ್ರೇ. ನಂಗೆ ನಿಂತು ಅಭ್ಯಾಸ."