ಪೆಟ್ರೋಲ್ ಇತ್ತು

ಈ ಸಲ ನಾಯಿ ನೆರೆಮನೆಯ ಹುಡುಗಿಯ ಮೊಣಕೈಗೆ ಬಾಯಿ ಹಾಕಿತ್ತು. ಅದಕ್ಕೂ ಮೊದಲು ಮನೆಯ ಹಿರಿಯ ಅಪಿಯು ಕೂರುವ ಮರದ ದಿಂಡಿನ ಅಂಚನ್ನು ಕಡಿದು ಹಾಳು ಮಾಡಿತ್ತು; ಅವರ ಹಿರಿಮಗ ಅತುಪಾರೆಯ ಒರಗುಕುರ್ಚಿಯ ಕಾಲುಗಳಂತೂ ಸೌದೆಗೂ ಬಾರದಂತಾಗಿದ್ದವು. ಅಪಿಯು ಕಿರಿಸೊಸೆಯನ್ನು ಕರೆಸಿದರು.

"ನೋಡು ಕಚನಾ, ಸುಗ್ಗಿ ಮುಗೀತಿದ್ದಂಗೆ ನಿನ್ನ ಗಂಡನ ದೊಡ್ಡ ತಿಥಿ. ಸುತ್ತೂರಿನ ನೆಂಟರೆಲ್ಲ ಬರ್ತಾರೆ. ಅಷ್ಟರೊಳಗೆ ಇದನ್ನ ಪಳಗಿಸು. ಅವತ್ತು ಯಾರ ಮೈಮೇಲಾದ್ರೂ ಹಲ್ಲು ಊರಿತೋ, ಸಾರಿನ ಗಡಿಗೆಗೆ ಹೋಗುತ್ತೆ."

"ಪಳಗ್ಸೋದ್ಯಾಕೆ ಸುಮ್ನೆ?" ಪಕ್ಕದಲ್ಲಿದ್ದ ಅತುಪಾರೆ ನಕ್ಕ. "ಇನ್ನೂ ಎಳೇದು. ಬೇಗ ಬೇಯುತ್ತೆ."

ನಾಯಿಯ ಹೆಸರು 'ಪೆಟ್ರೋಲ್ ಇತ್ತು'. ಈ ಸೀಮೆಯ ಕಸೇನಾ ಜನ ಬಾಯಿಬಿಟ್ಟು ಆಡಲಾಗದ್ದನ್ನು ನಾಯಿಗೆ ಹೆಸರಾಗಿ ಇಡುತ್ತಾರೆ. ಮನೆಯ ಗಂಡಸಿನ ಮೇಲೆ ಸೊಸೆ ದೂರು ಹೇಳುವಂತಿಲ್ಲ. ಅವಳ ನಾಯಿಯ ಹೆಸರನ್ನು ಮಾತ್ರ ಯಾರೂ ಕೆದಕುವಂತಿಲ್ಲ. ಕಳೆದ ಮಳೆಗಾಲದಲ್ಲಿ ಕಚನಾಳ ಗಂಡ ಅವಿಯಾನಿಗೆ ಸಜ್ಜೆಯ ಹೊಲದಲ್ಲಿ ಹಾವು ಕಚ್ಚಿದಾಗ, ಅತುಪಾರೆಯ ಬೈಕು ಅಂಗಳದಲ್ಲೇ ನಿಂತಿತ್ತು. ಟ್ಯಾಂಕಿನಲ್ಲಿ ಹನಿ ಪೆಟ್ರೋಲೂ ಇಲ್ಲ ಎಂದು ಅವನು ಕೈಯಲ್ಲಾಡಿಸಿಬಿಟ್ಟ. ಕತ್ತೆಗಾಡಿಯಲ್ಲಿ ಹೊರಟ ಅವಿಯಾ ಆಸ್ಪತ್ರೆಯ ಮುಖ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಅದೇ ಬೈಕು ಡುಗುಡುಗು ಎನ್ನುತ್ತ ನವರೊಂಗೊ ಸಂತೆಗೆ ಹೋದದ್ದನ್ನು ಇಡೀ ಮನೆ ಕೇಳಿತು, ಕೇಳಿ ಸುಮ್ಮನಿತ್ತು. ಗಂಡನನ್ನು ಮಣ್ಣು ಮಾಡಿದ ಮೇಲೆ ಕಚನಾ ಈ ಮರಿಯನ್ನು ತಂದಳು.

ಪಳಗಿಸುವುದೆಂದರೆ ಹೆಸರು ಹಿಡಿದು ಕೂಗುವುದು. ಕುರ್ಚಿಯ ಕಾಲಿಗೆ ಮೆಣಸಿನ ಪುಡಿ ಸವರಿ, ಕಡಿಯಲು ಹಸುವಿನ ಒಣ ಚಕ್ಕಳದ ತುಂಡು ಕೊಟ್ಟಳು. ಬಾಯಿಗೆ ಕೋಲು ಕೊಟ್ಟು ಜಗ್ಗಿ, "ಪೆಟ್ರೋಲ್ ಇತ್ತು, ಬಿಡು!" ಎಂದು ಕೂಗಿ, ಬಿಟ್ಟರೆ ಒಣಮೀನಿನ ಚೂರು ಹಾಕಿದಳು. ಮೊದಲು ಕೂಳು ಹಾಕುವಾಗಷ್ಟೇ ಕೇಳುತ್ತಿದ್ದ ಹೆಸರು ಈಗ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೂ ಮನೆಯ ಗೋಡೆಗೋಡೆಗೆ ಬಡಿಯತೊಡಗಿತು. ಪೆಟ್ರೋಲ್ ಇತ್ತು, ಕೂರು. ಪೆಟ್ರೋಲ್ ಇತ್ತು, ಕಚ್ಚಬೇಡ. ಕಚನಾಳಿಗೆ ಇದರಲ್ಲಿ ಖುಷಿ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ರಾತ್ರಿ ಆ ನಾಯಿ ಕಾಲಬುಡದಲ್ಲಿ ಮುದುರಿ ಮಲಗಿದಾಗ, ಗಡಿಗೆ ನೆನಪಾಗಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ದಿನ ಅತುಪಾರೆಯೇ ಅವಳ ಬಾಗಿಲಿಗೆ ಬಂದ. "ಅದರ ಹೆಸರು ಬದಲಾಯ್ಸಮ್ಮ. ಅಪ್ಪಂಗೆ ನಾನೇ ಹೇಳ್ತೀನಿ, ನಾಯಿ ಉಳಿಯುತ್ತೆ."

"ಏನಂತ ಇಡಲಿ ಬಾವ? 'ಪೆಟ್ರೋಲ್ ಇರ್ಲಿಲ್ಲ' ಅಂತ್ಲಾ?"

ಅವನು ಮುಖ ಗಂಟಿಕ್ಕಿಕೊಂಡು ಹೋದ. ಆಮೇಲೆ ಕಚನಾ, ಉಳಿಸುವ ದಾರಿಯನ್ನು ತಾನೇ ಮುಚ್ಚಿದೆನಲ್ಲ ಎಂದು ನಾಯಿಯ ಕುತ್ತಿಗೆ ತಬ್ಬಿಕೊಂಡು ಅತ್ತಳು.

ತಿಥಿಯ ದಿನ ಡೋಲು ಬಡಿಯುತ್ತಿತ್ತು, ಜೋಳದ ಹೆಂಡ ಹರಿಯುತ್ತಿತ್ತು. ನಾಯಿ ಹೆಬ್ಬಾಗಿಲ ಬಳಿ ಚಕ್ಕಳ ಕಡಿಯುತ್ತ ಬಿದ್ದುಕೊಂಡಿತ್ತು. ಮಕ್ಕಳು ಅದನ್ನು ದಾಟಿಕೊಂಡು ಓಡಿದರೂ ತಲೆ ಎತ್ತಲಿಲ್ಲ. "ಪರ್ವಾಗಿಲ್ಲ ಕಣವ್ವ, ಕಲ್ಸಿದ್ದೀಯ," ಎಂದರು ಅಪಿಯು. ಕಚನಾಳ ಎದೆ ಹಗುರಾಯಿತು. ಅಷ್ಟರಲ್ಲಿ ಅತುಪಾರೆ ಹೆಂಡ ಕುಡಿದ ಸೋರೆಬುರುಡೆಯನ್ನು ಕೆಳಗಿಟ್ಟು, ನೆಟ್ಟಗೆ ನಾಯಿಯ ಹತ್ತಿರ ನಡೆದು ಬಂದು, ಬೂಟುಗಾಲಿನಿಂದ ಅದರ ಬಾಲವನ್ನು ಮೆಟ್ಟಿ ತಿರುಚಿದ. ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು.

"ಬಿಡ್ಸೇ ಇದನ್ನ! ಕಚನಾ!"

ಕಚನಾ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಹಲ್ಲು ಊರಿಯಾಗಿತ್ತು. ಈಗ ಕೂಗಿದರೂ ಗಡಿಗೆಯೇ, ಕೂಗದಿದ್ದರೂ ಗಡಿಗೆಯೇ. ಅವಳು ಕೈಕಟ್ಟಿ ನಿಂತಳು.

ಅತುಪಾರೆ ಅದರ ತಲೆಗೆ ಗುದ್ದಿದ. ಹಲ್ಲು ಇನ್ನಷ್ಟು ಇಳಿಯಿತು. "ಬಿಡು! ಬಿಡು!" ಎಂದು ಅರಚಿದ. ನಾಯಿ ಬಿಡಲಿಲ್ಲ.

"ಹೆಸ್ರು ಹಿಡಿದು ಕೂಗೋ ಮಾರಾಯ!" ಎಂದಳು ನೆಂಟರ ನಡುವಿನಿಂದ ಒಬ್ಬ ಮುದುಕಿ. "ಹೆಸ್ರು ಕೂಗಿದ್ರೆ ಬಿಡುತ್ತಂತೆ!"

ಅವನು ಸುತ್ತ ನೋಡಿದ. ತಂದೆಯನ್ನು ನೋಡಿದ. ರಕ್ತ ಬೂಟಿನೊಳಕ್ಕೆ ಇಳಿಯುತ್ತಿತ್ತು.

"ಪೆಟ್ರೋಲ್ ಇತ್ತು!" ಎಂದು ಕೂಗಿಕೊಂಡ. "ಪೆಟ್ರೋಲ್ ಇತ್ತು, ಬಿಡು! ಪೆಟ್ರೋಲ್ ಇತ್ತು!"

ನಾಯಿ ತಟ್ಟನೆ ಬಿಟ್ಟು ಕುಳಿತು, ಮೀನಿನ ಚೂರಿಗಾಗಿ ಅವನ ಕೈ ನೋಡಿತು. ಡೋಲು ನಿಂತುಹೋಗಿತ್ತು. ಅಪಿಯು ದಿಂಡಿನಿಂದೆದ್ದು ಮಗನ ಮುಂದೆ ಬಂದು ನಿಂತರು. ಅವನ ಕಾಲಿನ ಕಡೆ ನೋಡಲಿಲ್ಲ.

"ಎಷ್ಟಿತ್ತು?"

ಅತುಪಾರೆ ಕಾಲು ಹಿಡಿದುಕೊಂಡು ನೆಲಕ್ಕೆ ಕೂತ.

"ಆಸ್ಪತ್ರೆ ಮುಟ್ಟೋಕೆ ಸಾಕಾಗ್ತಿತ್ತು ಅಪ್ಪಾ," ಎಂದ. "ವಾಪಸ್ ಬರೋಕೆ ಸಾಲ್ತಿರ್ಲಿಲ್ಲ."