ಮೂರರಿಂದ ಎರಡಕ್ಕೆ

"ಇನ್ನೊಂದ್ಸಲ" ಎಂದಳು ಅವಳು, ಕಣ್ಣು ತೆರೆಯದೆ.

ಕಾರಿನ ವ್ಯಾಪಾರಿ ಹಲ್ಲು ಕಚ್ಚಿಕೊಂಡು ನಕ್ಕ. ಬೂದು ಬಣ್ಣದ ಸ್ಪೋರ್ಟ್ಸ್ ಕಾರನ್ನು ಅಂಗಳದ ಸುತ್ತ ಓಡಿಸಿ ಅವಳ ಮುಂದೆ ತಂದು ನಿಲ್ಲಿಸಿದ್ದು ಇದು ಐದನೇ ಸಲ. ಬಂದ ಗಿರಾಕಿಗಳು ಬಣ್ಣ ನೋಡುತ್ತಾರೆ, ಸೀಟು ಸವರುತ್ತಾರೆ, ಬಾನೆಟ್ ಎತ್ತಿಸಿ ಏನೂ ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ. ಈ ಹೆಂಗಸು ಮಾತ್ರ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಂತಿದ್ದಾಳೆ.

ಅವಳು ಬದಲಿಗೆ ಕೊಡಲು ತಂದ ಕೆಂಪು ಕಾರು ಪಕ್ಕದಲ್ಲೇ ಇತ್ತು. ಅದೂ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಅದೇ ಕಂಪನಿಯದು. ಎಂಜಿನ್ ಬಿರುಕು ಬಿಟ್ಟಿದೆ, ಇನ್ನೊಂದು ತಿಂಗಳು ಓಡಿದರೆ ಹೆಚ್ಚು ಎಂದು ಮೆಕ್ಯಾನಿಕ್ ಕೈಚೆಲ್ಲಿದ್ದ.

"ಸದ್ದು ಸ್ವಲ್ಪ ತೆಳು" ಎಂದಳು.

"ಮೇಡಂ, ಕಾರಿರೋದು ಓಡಿಸಕ್ಕೆ, ಕೇಳಕ್ಕಲ್ಲ."

"ನಮ್ಮನೇಲಿ ಕೇಳಕ್ಕೇ."

ಆ ಮನೆಯಲ್ಲಿದ್ದ ಕಿವಿ ಅಂಥದ್ದು. ಅವಳ ಮಾವ ನಲವತ್ತು ವರ್ಷ ಗ್ಯಾರೇಜು ನಡೆಸಿದವರು. ಬಾನೆಟ್ ಎತ್ತದೆ, ಬರೀ ಸದ್ದು ಕೇಳಿ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದರು. ಊರೆಲ್ಲ ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯಿತು. ಈಗ ಕಣ್ಣು ಪೂರ್ತಿ ಹೋಗಿದೆ, ಕಿವಿ ಮಾತ್ರ ಹಾಗೇ ಇದೆ. ಐದು ವರ್ಷದ ಹಿಂದೆ ಮಗ ಈ ಕೆಂಪು ಕಾರನ್ನು ಮನೆಗೆ ತಂದ ದಿನ, ನೆರೆಹೊರೆಯವರೆಲ್ಲ ಸುತ್ತ ನೆರೆದಿದ್ದಾಗ, "ಗೇರ್ ಹಾಕಕ್ಕೆ ಬರದವನಿಗೆ ಇಂಥ ಕಾರೊಂದು ಕೇಡು" ಎಂದುಬಿಟ್ಟರು. ಅಪ್ಪನೂ ಮಗನೂ ಹಟದಲ್ಲಿ ಒಂದೇ ಅಚ್ಚು. ಅಲ್ಲಿಗೆ ಮಾತು ನಿಂತಿತು. ಮಗ ಸಂಜೆ ಆರಕ್ಕೆ ಬಂದು ಹೊರಗಿನ ಮೆಟ್ಟಿಲಿಂದ ಸೀದಾ ಮಹಡಿ ಹತ್ತುವುದು, ಅಪ್ಪ ಕಿಟಕಿಯ ಬಳಿ ಕೂತು ತಿರುವಿನಲ್ಲಿ ಬರುವ ಎಂಜಿನ್ ಸದ್ದು ಕೇಳುವುದು, ಆಮೇಲೆ ಸೊಸೆಯನ್ನು "ಬಂದ್ನಾ?" ಎಂದು ವಿಚಾರಿಸುವುದು ರೂಢಿಯಾಯಿತು. ಮಗನ ಮೇಲಿನ ಪ್ರೀತಿಯನ್ನು ಆ ಮನುಷ್ಯ ತೋರಿಸಿದ್ದು ಅಷ್ಟರಲ್ಲೇ.

ಕಾರು ಬದಲಾದರೆ ಸದ್ದು ಬದಲಾಗುತ್ತದೆ. ಸದ್ದು ಬದಲಾದರೆ ಮಾವ ಪ್ರಶ್ನೆ ಕೇಳುತ್ತಾರೆ. ಹೋದ ವರ್ಷ ಹೃದಯ ಕೈಕೊಟ್ಟು ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದವರು ಅವರು. ಮನಸ್ಸಿಗೆ ಯಾವ ಪೆಟ್ಟೂ ಬೀಳದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಆರು ಗಂಟೆಯ ಆ ಸದ್ದೊಂದೇ ಮುದುಕರ ಜೀವ ಹಿಡಿದು ನಿಲ್ಲಿಸಿದೆ ಎಂದು ಅವಳು ನಂಬಿದ್ದಳು.

ವ್ಯಾಪಾರಿ ಕೆಂಪು ಕಾರನ್ನು ಪರೀಕ್ಷಿಸಲು ಒಳಗೆ ತೂರಿದ. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಗೊಣಗುತ್ತ ಸೀಟನ್ನು ಹಿಂದಕ್ಕೆ ತಳ್ಳಿ ಕಾಗದಪತ್ರ ತಿರುವಿದ.

"ಹೋದ ವರ್ಷ ನಿಮ್ಮ ಹೆಸರಿಗೆ ಆಗಿದೆ. ಹೆಂಡ್ತಿಗೆ ಕಾರು ಬರ್ಕೊಡೋ ಗಂಡ ಎಲ್ಲರಿಗೂ ಸಿಗಲ್ಲ ಬಿಡಿ. ಅವರೂ ಒಂದ್ಸಲ ಬಂದು ನೋಡ್ಲಿ."

"ಅವರು ಬರಲ್ಲ. ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ."

ಬೂದು ಕಾರನ್ನು ಅವಳೇ ಒಂದು ಸುತ್ತು ಓಡಿಸಿ ನೋಡಿದಳು. ಪಕ್ಕದಲ್ಲಿ ಕೂತ ವ್ಯಾಪಾರಿಗೆ ಮೂಲೆಯಲ್ಲಿ ಗೇರು ಮೂರರಿಂದ ಎರಡಕ್ಕೆ ಇಳಿದದ್ದು ತಿಳಿಯಲೇ ಇಲ್ಲ.

"ಬೆಣ್ಣೇಲಿ ಕೂದಲು ತೆಗ್ದ ಹಾಗಿದೆ. ಯಾರು ಕಲ್ಸಿದ್ದು?"

"ನಮ್ಮ ಮಾವ. ಮಗನಿಗೆ ಕಲ್ಸಕ್ಕೆ ಹೋಗಿ ಸೋತು, ನನ್ನ ಹಿಡ್ಕೊಂಡ್ರು."

ಅವಳು ಇನ್ನೂ ಹಿಂದೆ ಮುಂದೆ ನೋಡುತ್ತಿದ್ದಳು. ಕೊನೆಗೆ ದಾರಿ ಹೊಳೆಯಿತು. ಕೆಂಪು ಕಾರಿನ ಸೈಲೆನ್ಸರ್ ಬಿಚ್ಚಿ ಬೂದು ಕಾರಿಗೆ ಹಾಕಿಕೊಟ್ಟರೆ ಈಗಲೇ ಒಪ್ಪುತ್ತೇನೆ ಎಂದಳು. ಇಂಥ ಬೇಡಿಕೆಯನ್ನು ವ್ಯಾಪಾರಿ ಹುಟ್ಟಿದಾರಭ್ಯ ಕೇಳಿರಲಿಲ್ಲ. ಮಧ್ಯಾಹ್ನವೆಲ್ಲ ಆ ಕೆಲಸವೇ ಆಯಿತು. ಮತ್ತೆ ಕಣ್ಣು ಮುಚ್ಚಿ ಕೇಳಿದಳು. ಹೆಚ್ಚು ಕಡಿಮೆ ಅದೇ ಸದ್ದು.

ಕೆಂಪು ಕಾರಿನಲ್ಲಿದ್ದ ಗಂಡನ ತಂಪು ಕನ್ನಡಕವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಸಹಿ ಹಾಕಿ ಕಣ್ಣೊರೆಸಿಕೊಂಡಳು. ಹಳೇ ಕಾರಿಗಾಗಿ ಕಣ್ಣೀರು ಹಾಕುವವರು ವ್ಯಾಪಾರಿಗೆ ಹೊಸಬರಲ್ಲ. ಅವನು ಬೇರೆ ಕಡೆ ನೋಡಿದ.

ಆರು ಗಂಟೆಗೆ ಕಿವಿ ಮೇಸ್ತ್ರಿ ಕಿಟಕಿಯ ಬಳಿ ಕೂತಿದ್ದರು. ತಿರುವಿನಲ್ಲಿ ಎಂಜಿನ್ ಗುಡುಗಿತು, ತಗ್ಗಿತು, ಗೇಟಿನ ಬಳಿ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಸೊಸೆ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಕಡೆಯಿಂದ ಬಂದಳು.

"ಬಂದ್ನಾ?"

"ಬಂದ್ರು ಮಾವ. ಮೇಲೆ ಹೋದ್ರು."

ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ಅದನ್ನು ಕೇಳಿ ಮಾವ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಇವತ್ತು ಆಗಲಿಲ್ಲ.

"ಕಾರು ಬೇರೆ" ಎಂದರು. "ಸೈಲೆನ್ಸರ್ ಹಳೇದು. ಕೈಯೂ ಅದೇ."

ಅವಳು ನಿಂತಲ್ಲೇ ನಿಂತಳು.

"ಬಾ, ಕೂತ್ಕೋ. ನನ್ನ ಮಗ ಆ ತಿರುವಲ್ಲಿ ಕರ್ ಅನ್ನಿಸ್ದೆ ಒಂದು ದಿನಾನೂ ಗೇರ್ ಇಳಿಸ್ದೋನಲ್ಲ. ನಾನು ಆಸ್ಪತ್ರೆಯಿಂದ ಬಂದ ಮೊದಲ್ನೇ ಸಂಜೇನೇ ಅದು ಸದ್ದಿಲ್ದೆ ಇಳೀತು. ನಾನು ಕಲ್ಸಿದ ಕೈ ನನಗೆ ಗೊತ್ತಾಗಲ್ವಾ?"

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಮಾವನಿಗೆ ಕೇಳಿಸೀತೆಂದು ಈ ಮನೆಯಲ್ಲಿ ಅವಳು ವರ್ಷದಿಂದ ಅತ್ತಿರಲಿಲ್ಲ.

"ಗೊತ್ತಿದ್ದೂ ದಿನಾ ಯಾಕೆ ಕೇಳ್ತಿದ್ರಿ ಮಾವ?"

"ನೀನು ಅಷ್ಟು ಕಷ್ಟಪಟ್ಟು ದಿನಾ ಅವನನ್ನ ಕರ್ಕೊಂಡ್ಬರ್ತಿದ್ದೆ. ಕೇಳ್ದೆ ಇರಕ್ಕಾಗುತ್ತಾ?"

"ನಿಮ್ಮ ಹತ್ರ ಸುಳ್ಳು ಹೇಳ್ಬಿಟ್ಟೆ."

ಮುದುಕರು ಗಾಳಿಯಲ್ಲಿ ತಡಕಿ ಅವಳ ಕೈ ಹಿಡಿದುಕೊಂಡರು.

"ಸುಳ್ಳೇನು ಹೇಳ್ದೆ ಮಗಳೇ? ಮೇಲೆ ಹೋದ್ರು ಅಂತ ತಾನೇ ಹೇಳಿದ್ದು."