ಡ್ರಮ್ಮಿಗೊಂದು ಏಟು

"ಒಂದೇ ಏಟು ಸಾಕು," ಎಂದ ಕ್ವೆಂಟಿನ್, ಗಾಜಿನ ಆಚೆಯಿಂದ.

ನೆವಿಲ್ ಎತ್ತಿದ ಕೋಲನ್ನು ಇಳಿಸದೆ ಹಾಗೇ ಕೂತ. ಗೋದಾಮಿನ ಕೆಲಸಕ್ಕೆ ಒಂದು ವಾರ ರಜೆ ಹಾಕಿ ಬಂದಿದ್ದ. ಬೆಳಿಗ್ಗೆ ಏಳಕ್ಕೇ ಸ್ಟುಡಿಯೋ ಬಾಗಿಲು ತೆಗೆಸಿ, ಡ್ರಮ್ಮುಗಳ ಚರ್ಮ ಬಿಗಿ ಮಾಡಿ, ಹೊಸ ಕೋಲು ತೆಗೆದಿಟ್ಟುಕೊಂಡಿದ್ದ. ಅದು ಎಂಬತ್ತೈದರ ಚಳಿಗಾಲ. ನ್ಯೂ ವೇವ್ ಸಂಗೀತ ಅಂತ ಹೊಸದಾಗಿ ಮೆರೆದವರೆಲ್ಲ ಆಗಲೇ ಹಳಬರಾಗಿದ್ದರು. ಅವನ ಪೇಪರ್ ಚಿಮ್ನೀಸ್ ತಂಡದ ಈ ನಾಲ್ಕನೇ ಆಲ್ಬಮ್ಮೇ ಕೊನೆಯದು ಅನ್ನುವುದು ಶೆಫೀಲ್ಡಿನ ನಾಯಿ ನರಿಗೂ ಗೊತ್ತಿತ್ತು. ಕೊನೆಯದರಲ್ಲೂ ತಾನೇ ಬಾರಿಸಬೇಕು, ನೆವಿಲ್‌ಗೆ ಇದ್ದದ್ದು ಇದೊಂದೇ ಆಸೆ.

"ಒಂದೇ ಏಟಾ? ಮತ್ತೆ ಹಾಡು?"

"ಹಾಡನ್ನ ಯಂತ್ರ ನೋಡ್ಕೊಳತ್ತೆ. ನೀವು ಡ್ರಮ್ಮಿಗೊಂದು ಏಟು ಕೊಡಿ, ಸದ್ದನ್ನ ಇದು ಹಿಡಿದಿಟ್ಕೊಳತ್ತೆ. ಆಮೇಲೆ ನೀವು ಆರಾಮಾಗಿ ಮನೆಗೆ ಹೋಗ್ಬಹುದು, ನೆವಿಲ್ ಅವ್ರೇ." ಆಲ್ಬಂ ಮಾಡಿಸಲೆಂದು ಲಂಡನ್ನಿನಿಂದ ಕರೆಸಿದ ಮಹಾಮೇಧಾವಿ ಈ ಕ್ವೆಂಟಿನ್. ಮನುಷ್ಯನನ್ನು ಆಚೆ ದಬ್ಬುವಾಗಲೂ 'ನೀವು, ತಾವು' ಬಿಡುತ್ತಿರಲಿಲ್ಲ, ಹಾಳಾದವನು.

ಅವನ ಪಕ್ಕದ ಮೇಜಿನ ಮೇಲೆ ಆ ಯಂತ್ರ ಕೂತಿತ್ತು. ಬೂಟಿನ ಡಬ್ಬಿಯಷ್ಟು ಗಾತ್ರ, ಮೈತುಂಬ ಗುಂಡಿ. ಅದರ ಹಿಂದೆ ಕೈಕಟ್ಟಿ ನಿಂತವನು ಹಾಡುಗಾರ ಲೂಸಿಯನ್. ಹೆತ್ತವರು ಇಟ್ಟ ಹೆಸರು ನಾರ್ಮನ್. ಮಾಂಸದಂಗಡಿಯವನ ಮಗ, ಶಾಲೆಯಲ್ಲಿ ನೆವಿಲ್ ಜೊತೆ ಒಂದೇ ಬೆಂಚು. ನಾಲ್ಕು ದಿನ ಬರ್ಲಿನ್ನಿಗೆ ಹೋಗಿ ಬಂದದ್ದೇ ತಡ, ಹೆಸರು, ಹುಬ್ಬು, ಕೆಮ್ಮುವ ರೀತಿ ಕೂಡ ಬದಲಾಗಿಹೋಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಪುಣ್ಯಾತ್ಮ ಕಿಟಕಿಯೇ ಇಲ್ಲದ ಕೋಣೆಯಲ್ಲಿ ರೇನ್‌ಕೋಟ್ ತೊಟ್ಟು, ಕಪ್ಪು ಕನ್ನಡಕ ಏರಿಸಿ ನಿಂತಿದ್ದ.

"ಬೇಜಾರು ಮಾಡ್ಕೋಬೇಡ ಕಣೋ," ಎಂದ ಲೂಸಿಯನ್. "ಹಾಡಿನ ಕೊನೆಗೆ ಬಂದ್ರೆ ಸಾಕು, ಹಿಂದೆ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತೀಯ. ಏಳು ವರ್ಷದಿಂದ ಬಾಯಿ ಬಡ್ಕೊಂಡೆ, ತಿದ್ಕೊಂಡ್ಯಾ? ಇದು ಓಡಲ್ಲ. ಇದಕ್ಕೆ ಸುಸ್ತಿಲ್ಲ, ಬೆವರಿಲ್ಲ. ನಾಳಿನ ಸಂಗೀತ ಅಂದ್ರೆ ಇದು."

"ನಾರ್ಮನ್, ಒಂದು ಹಾಡಾದ್ರೂ..."

"ಲೂಸಿಯನ್."

"ಒಂದು ಹಾಡಾದ್ರೂ ನಂಗೆ ಬಿಡೋ. ಕೊನೇದು ಅಲ್ವಾ?"

"ಏಟು ಕೊಡು ನೀನು."

ಕೊಟ್ಟ. ಚಿಕ್ಕದಕ್ಕೊಂದು, ದೊಡ್ಡದಕ್ಕೆ ಕಾಲಿಂದೊಂದು, ಕಂಚಿನ ತಟ್ಟೆಗಳಿಗೆ ಒಂದೊಂದು. ಅಲ್ಲಿಗೆ ಮುಗಿಯಿತು ನೆವಿಲ್‌ನ ಆಲ್ಬಂ. ಪಕ್ಕದಲ್ಲಿಟ್ಟಿದ್ದ ಟೀ ಇನ್ನೂ ಆರಿರಲಿಲ್ಲ.

ಮಾನ ಮರ್ಯಾದೆ ಇದ್ದವನು ಆಗಲೇ ಎದ್ದು ಹೋಗುತ್ತಿದ್ದ. ಇವನು ಹೋಗಲಿಲ್ಲ. ಒಂದು ಹಾಡಾದರೂ ಕೊಟ್ಟಾರು ಅನ್ನುವ ಆಸೆಬುರುಕತನದಲ್ಲಿ ಕ್ವೆಂಟಿನ್‌ನ ಹಿಂದಿನ ಸೋಫಾದಲ್ಲಿ ಮುದುಡಿಕೊಂಡು, ತಣ್ಣಗಿನ ಪೋರ್ಕ್ ಪೈ ತಿನ್ನುತ್ತಾ ಕೂತ. ಯಂತ್ರ ಶುರುವಾಯಿತು. ಸದ್ದು ಇವನದೇ, ಬಾರಿಸುತ್ತಿದ್ದದ್ದು ಅದು.

ಲೂಸಿಯನ್ ಗಾಜಿನ ಆಚೆ ಹೋಗಿ ಹಾಡಲು ನಿಂತ. ಪ್ರತಿ ಹಾಡಿನ ಕೊನೆಗೂ ಅವನದೊಂದು ಉದ್ದನೆಯ ಸಾಲು ಇರುತ್ತಿತ್ತು. ಒಂದೇ ಉಸಿರಿನಲ್ಲಿ ಎಳೆಯುವುದು. ಪತ್ರಿಕೆಯವರು ಮರುಳಾಗಿದ್ದು ಅದಕ್ಕೇ. ಇವತ್ತು ಆ ಸಾಲು ಮುಕ್ಕಾಲು ದಾರಿಗೆ ಬರುತ್ತಲೇ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಪುಸ್ಸೆಂದಿತು. "ಇನ್ನೊಂದ್ಸಲ," ಎಂದ. ಮತ್ತೆ ಪುಸ್. ನಾಲ್ಕನೇ ಸಲಕ್ಕೆ ಕನ್ನಡಕ ಬಂತು ಕೆಳಗೆ. ಏಳನೇ ಸಲಕ್ಕೆ ರೇನ್‌ಕೋಟೂ ನೆಲಕ್ಕೆ ಬಿತ್ತು. ಯಂತ್ರ ಮಾತ್ರ ತನ್ನ ಪಾಡಿಗೆ ತಾನು ಅದೇ ನಡಿಗೆಯಲ್ಲಿ ನಡೆಯುತ್ತಿತ್ತು.

"ಅದು ಕೊನೇಲಿ ನಿಧಾನ ಮಾಡ್ತಿದೆ!" ಎಂದು ಆಚೆಯಿಂದ ಕಿರುಚಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಕೂದಲೆಳೆಯಷ್ಟೂ ಇಲ್ಲ," ಎಂದ ಕ್ವೆಂಟಿನ್. ಆದರೂ ತಂಡದ ಮೊದಲ ರೆಕಾರ್ಡು ಹಾಕಿ, ಗಡಿಯಾರ ಹಿಡಿದು ಕೇಳಿದ. ಎರಡನೆಯದು ಹಾಕಿದ. ಮೂರನೆಯದು ಮುಗಿಯುವ ಹೊತ್ತಿಗೆ ಆ ಮೇಧಾವಿಯ ಕಿವಿ ಕೆಂಪಾಗಿತ್ತು. ಹಿಂದೆ ತಿರುಗಿದ. "ನೆವಿಲ್ ಅವ್ರೇ, ಆ ಉದ್ದದ ಸಾಲು ಬಂದಾಗ ನೀವು ತಾಳ ಎಷ್ಟು ಬೇಗ ಮಾಡ್ತಿದ್ರಿ? ಸರಿಯಾಗಿ ಹೇಳಿದ್ರೆ ಯಂತ್ರಕ್ಕೆ ತುಂಬ್ತೀನಿ."

ಇಷ್ಟಾದರೂ, ಬಂದು ಬಾರಿಸಪ್ಪಾ ಅನ್ನುವ ಒಂದು ಮಾತು ಆ ಬಾಯಲ್ಲಿ ಬರಲಿಲ್ಲ. ನೆವಿಲ್‌ಗೆ ಅದುವರೆಗೂ ಬಾರದ ಸಿಟ್ಟು ಆಗ ಬಂತು. ಪೈ ಕೆಳಗಿಟ್ಟು, ಕೋಲುಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದ.

"ಅದು ಇಷ್ಟೇ ಅಂತ ಹೇಗೆ ಹೇಳ್ಲಿ? ಉಸಿರು ಮುಗೀತಾ ಬಂದ್ರೆ ಅವನ ಕತ್ತಿನ ನರ ಉಬ್ಬತ್ತೆ. ಒಂದೊಂದು ದಿನ ಬೇಗ, ಒಂದೊಂದು ದಿನ ತಡ. ಅದನ್ನ ನೋಡ್ಕೊಂಡು ಓಡ್ತಿದ್ದೆ, ಸಾಲು ಮುಗಿಯೋ ತನಕ ಅವನಿಗೆ ಉಸಿರು ಉಳೀಲಿ ಅಂತ."

ಕ್ವೆಂಟಿನ್‌ನ ಮುಂದಿನ ಮೈಕು ಇನ್ನೂ ಆನ್ ಆಗಿಯೇ ಇತ್ತು. ಗಾಜಿನ ಆಚೆ ಎಲ್ಲ ಕೇಳಿಸಿತ್ತು. ಸ್ಪೀಕರಿನಿಂದ ನಾರ್ಮನ್‌ನ ಹಳೇ ದನಿ ಸಣ್ಣಗೆ ಬಂತು. "ಏಳು ವರ್ಷ ಬೈಸ್ಕೊಂಡ್ಯಲ್ಲೋ. ಯಾಕೋ ಹೇಳ್ಲಿಲ್ಲ?"

"ಬೇಜಾರು ಮಾಡ್ಕೊಳ್ತೀಯ ಅಂತ," ಎಂದ ನೆವಿಲ್. ಬಾಗಿಲಿಗೆ ಕೈಯಿಟ್ಟವನು ಯಂತ್ರದ ಕಡೆ ನೋಡಿ, "ಇದಕ್ಕೊಂದು ಜೊತೆ ಕಣ್ಣು ಕೊಡಿಸ್ರಪ್ಪಾ," ಎಂದು ಹೊರಟ.

ಕ್ವೆಂಟಿನ್ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಗುಂಡಿ ಒತ್ತಿದ. ಉದ್ದನೆಯ ಸಾಲು ಬಂತು. ಗಾಜಿನ ಆಚೆ ಲೂಸಿಯನ್‌ನ ಕತ್ತಿನ ನರ ಬೆರಳು ದಪ್ಪ ಉಬ್ಬಿತು. ಈಚೆ, ನೆವಿಲ್‌ನ ಏಟುಗಳು ಒಂದಾದ ಮೇಲೊಂದು, ಯಾವ ಅವಸರವೂ ಇಲ್ಲದೆ ಬೀಳುತ್ತಲೇ ಇದ್ದವು.